ಬೀಸುವ ಪದಗಳು: ಜನಪದ ಗೀತೆಯ ಅರ್ಥ ಮತ್ತು ಸ್ವರೂಪ

ಜನಪದ ಗೀತೆಯ ಲಕ್ಷಣಗಳನ್ನು ಹೇಳುವಾಗ ಮೌಖಿಕತೆ, ಪಾಠಾಂತರ, ಸರಳತೆ, ಅನಾಮಿಕ ಕರ್ತೃತ್ವ ಎಂಬ ಅಂಶಗಳನ್ನು ಪಟ್ಟಿಮಾಡುವುದು ರೂಢಿ. ಇವು ಹಾಡು ಹೇಗೆ ಉಳಿದುಬಂದಿತೆಂಬುದನ್ನು ತಿಳಿಸುತ್ತವೆಯೇ ಹೊರತು ಏಕೆ ಹುಟ್ಟಿತೆಂಬುದನ್ನಲ್ಲ. ಬೀಸುವ ಪದಗಳನ್ನು ಅವುಗಳ ಸಂದರ್ಭದಲ್ಲಿಟ್ಟು ನೋಡಿದಾಗ ಈ ಕೊರತೆ ಸ್ಪಷ್ಟವಾಗುತ್ತದೆ.

ಬೀಸುವ ಪದ ಮೂಲತಃ ದುಡಿಮೆಯ ಅಂಗ. ನಸುಕಿನಲ್ಲಿ ಗೂಟ ಹಿಡಿದು ಕಲ್ಲು ತಿರುಗಿಸುವ ಕೈಯ ಲಯವೇ ಹಾಡಿನ ಲಯ. ಇದರ ಪ್ರಧಾನ ಛಂದಸ್ಸು ತ್ರಿಪದಿ. ಬಾದಾಮಿಯ ಕಪ್ಪೆ ಅರಭಟ್ಟನ ಶಾಸನದಲ್ಲಿಯೇ ದೊರೆಯುವ ಪ್ರಾಚೀನ ಅಂಶಗಣದ ಮಟ್ಟು. ಲಕ್ಷಣದಂತೆ ಇದರಲ್ಲಿ 3 ಸಾಲು, 11 ಗಣಗಳಿವೆ. 6 ಮತ್ತು 10ನೆಯವು ಬ್ರಹ್ಮಗಣ, ಉಳಿದವು ವಿಷ್ಣುಗಣ. ಆದರೆ ಹಾಡುವಾಗ ಎರಡನೆಯ ಸಾಲಿನ ಭಾಗ ಮರುಕಳಿಸಿ, ಪದ್ಯ ನಾಲ್ಕು ಸಾಲಿನಂತೆ ಕೇಳಿಸುತ್ತದೆ. ಮುದ್ರಿತ ಪುಟ ಈ ಪುನರಾವರ್ತನೆಯನ್ನು ಸಾಮಾನ್ಯವಾಗಿ ಕೈಬಿಡುತ್ತದೆ. ಹೀಗಾಗಿ ಓದುವ ತ್ರಿಪದಿ ಬೇರೆ, ಹಾಡುವ ತ್ರಿಪದಿ ಬೇರೆ.

ಅರ್ಥದ ವಿಷಯದಲ್ಲಿಯೂ ಇದೇ ಅಂತರವಿದೆ. ತವರಿನ ಹಂಬಲ, ಅಣ್ಣತಮ್ಮಂದಿರ ನಿರೀಕ್ಷೆ, ಅತ್ತೆಮನೆಯ ಕಷ್ಟ ಈ ಪದಗಳ ಮುಖ್ಯ ವಸ್ತು. ಹಗಲಿನಲ್ಲಿ ಸೊಸೆ ಆಡಲಾಗದ ಮಾತು ನಸುಕಿನಲ್ಲಿ ಹಾಡಾಗುತ್ತದೆ. ಮಾತಾದರೆ ದೂರು, ಹಾಡಾದರೆ ಪರಂಪರೆ. ಪರಂಪರೆಯ ಈ ಮರೆಯೇ ಹಾಡುಗಾರ್ತಿಗೆ ರಕ್ಷಣೆ. ಆದುದರಿಂದ ಪದದ ಅರ್ಥ ಅದರ ಶಬ್ದಗಳಲ್ಲಿ ಮಾತ್ರವಿಲ್ಲ. ಯಾರು, ಯಾವಾಗ, ಯಾರ ಕಿವಿಗೆ ಬೀಳುವಂತೆ ಹಾಡಿದರು ಎಂಬುದರಲ್ಲಿಯೂ ಇದೆ.

1931ರಲ್ಲಿ ಹಲಸಂಗಿ ಗೆಳೆಯರು ಪ್ರಕಟಿಸಿದ ‘ಗರತಿಯ ಹಾಡು’ ಈ ಪದಗಳಿಗೆ ಕನ್ನಡ ಸಾಹಿತ್ಯದಲ್ಲಿ ಗೌರವದ ಸ್ಥಾನ ದೊರಕಿಸಿತು. ಈ ಉಪಕಾರ ಸಣ್ಣದಲ್ಲ. ಆದರೂ ‘ಗರತಿ’ ಎಂಬ ಹೆಸರು ಓದುಗರ ದೃಷ್ಟಿಯನ್ನು ಸಹನೆಯ ಆದರ್ಶದತ್ತ ತಿರುಗಿಸುತ್ತದೆ. ಹಾಡಿನೊಳಗಿನ ಅಸಮಾಧಾನ, ವ್ಯಂಗ್ಯ, ಚೌಕಾಸಿಗಳು ಹಿಂದೆ ಸರಿಯುತ್ತವೆ. ಅನಾಮಿಕತೆಯನ್ನೂ ಈ ಹಿನ್ನೆಲೆಯಲ್ಲಿ ಮರುಪರಿಶೀಲಿಸಬೇಕು. ಪದ ಕಟ್ಟಿದ ಮೊದಲಿಗಳು ಇಂದು ತಿಳಿಯದಿರಬಹುದು. ಅದನ್ನು ಹಾಡಿ, ಬದಲಿಸಿ, ಮುಂದಿನವಳಿಗೆ ದಾಟಿಸಿದವಳಿಗೆ ಅವಳ ಊರಿನಲ್ಲಿ ಹೆಸರಿತ್ತು. ಆ ಹೆಸರು ಬರಹಕ್ಕೆ ಇಳಿಯದಿದ್ದುದು ಹಾಡಿನ ಸಹಜ ಗುಣವಲ್ಲ, ದಾಖಲೆಯ ಕೊರತೆ.

ಹಿಟ್ಟಿನ ಗಿರಣಿಗಳು ಬಂದ ಮೇಲೆ ಬೀಸುಕಲ್ಲಿನ ದುಡಿಮೆ ಬಹುಮಟ್ಟಿಗೆ ನಿಂತಿದೆ. ಪದಗಳನ್ನು ಬಲ್ಲ ಹಿರಿಯರು ವಿರಳವಾಗುತ್ತಿದ್ದಾರೆ. ಇನ್ನು ಮುಂದಿನ ಸಂಗ್ರಹ ಪಠ್ಯದ ಜೊತೆಗೆ ಧಾಟಿ, ಸಂದರ್ಭ ಮತ್ತು ಅವರು ಒಪ್ಪಿದರೆ ಹಾಡುಗಾರ್ತಿಯ ಹೆಸರನ್ನೂ ಒಳಗೊಳ್ಳಬೇಕು. ತರಗತಿಯಲ್ಲಿ ತ್ರಿಪದಿಗೆ ಗಣ ವಿಭಾಗಿಸುವ ಮೊದಲು ಅದನ್ನು ಒಮ್ಮೆ ಹಾಡಿ ಕೇಳಿಸುವುದು ಅಧ್ಯಯನದ ಮೊದಲ ಹೆಜ್ಜೆಯಾಗಬೇಕು.