ಅಲಂಕಾರದ ಕ್ರೋಶಾ: ಕಡ್ಡಿ, ದಾರ ಮತ್ತು ಎಣಿಕೆ

ಕ್ರೋಶಾ ಹೆಣಿಗೆಗೆ ಬೇಕಾದದ್ದು ತುದಿಯಲ್ಲಿ ಕೊಕ್ಕೆಯಿರುವ ಒಂದು ಕಡ್ಡಿ ಮತ್ತು ದಾರ. ಎರಡು ಕಡ್ಡಿಗಳ ಉಲ್ಲನ್ ಹೆಣಿಗೆಯಲ್ಲಿ ಇಡೀ ಸಾಲಿನ ಕುಣಿಕೆಗಳು ಕಡ್ಡಿಯ ಮೇಲೇ ಕೂತಿರುತ್ತವೆ. ಒಂದು ಜಾರಿದರೆ ಅದರ ಕೆಳಗಿನವೂ ಸಾಲಾಗಿ ಬಿಚ್ಚಿಕೊಳ್ಳುತ್ತವೆ. ಕ್ರೋಶಾದಲ್ಲಿ ಒಂದು ಹೊಲಿಗೆ ಮುಗಿಸಿಯೇ ಮುಂದಿನದಕ್ಕೆ ಹೋಗುವುದರಿಂದ ತೆರೆದಿರುವ ಕುಣಿಕೆ ಒಂದೇ. ಕುಕ್ಕರ್ ಕೂಗಿದರೆ ಆ ಕುಣಿಕೆಯನ್ನು ಸ್ವಲ್ಪ ದೊಡ್ಡದಾಗಿ ಎಳೆದಿಟ್ಟು ಎದ್ದು ಹೋಗಬಹುದು. ಲೆಕ್ಕ ತಪ್ಪಿದರೆ ಆ ಜಾಗದವರೆಗೆ ಬಿಚ್ಚಿ, ಅದೇ ದಾರದಲ್ಲಿ ಮತ್ತೆ ಹೆಣೆಯಬಹುದು. ಈ ಹವ್ಯಾಸ ಮನಸ್ಸಿಗೆ ಕೊಡುವ ನೆಮ್ಮದಿಗೆ ಮೊದಲ ಕಾರಣ ಇದೇ. ಎರಡನೆಯದು ಎಣಿಕೆ. ಕೈ ಒಂದೇ ಚಲನೆಯನ್ನು ಮರಳಿ ಮರಳಿ ಮಾಡುತ್ತಿರುತ್ತದೆ, ಮನಸ್ಸು ಲೆಕ್ಕ ಹಿಡಿದಿರುತ್ತದೆ. ಎಣಿಸುತ್ತಿರುವ ಮನಸ್ಸಿನಲ್ಲಿ ಬೇರೆ ಚಿಂತೆಗೆ ಹೆಚ್ಚು ಜಾಗ ಉಳಿಯುವುದಿಲ್ಲ.

ಕಲಿಯಲು ತೊಡಗುವವರನ್ನು ಹೆಚ್ಚಾಗಿ ಕಾಡುವುದು ದಾರದ ಆಯ್ಕೆ. ಲೇಸಿನ ಅಂದ ಕಂಡು ನೂಲಿನಂಥ ತೆಳು ದಾರವನ್ನೂ ಒಂದು ಮಿಲಿಮೀಟರ್ ಆಸುಪಾಸಿನ ಉಕ್ಕಿನ ಕಡ್ಡಿಯನ್ನೂ ಕೊಂಡರೆ ಹೊಲಿಗೆ ಕಣ್ಣಿಗೇ ಕಾಣದೆ ಬೇಸರ ಬರುತ್ತದೆ. ತಿಳಿ ಬಣ್ಣದ, ಮಧ್ಯಮ ದಪ್ಪದ ಹತ್ತಿ ದಾರ ಮತ್ತು ಮೂರರಿಂದ ನಾಲ್ಕು ಮಿಲಿಮೀಟರಿನ ಕಡ್ಡಿ ಮೊದಲ ದಿನಗಳಿಗೆ ಸರಿ. ಕಪ್ಪು ಅಥವಾ ಕಡುನೀಲಿ ದಾರವನ್ನು ರಾತ್ರಿ ದೀಪದಲ್ಲಿ ಹೆಣೆಯಲು ಕುಳಿತರೆ ಪಳಗಿದ ಕೈಯೂ ತಡವರಿಸುತ್ತದೆ.

ಕುಣಿಕೆಯೊಳಗಿಂದ ಕುಣಿಕೆ ಎಳೆದು ಸರಪಳಿಯಂತೆ ಹೆಣೆಯುವ ಚೈನ್ ಮತ್ತು ದಾರವನ್ನು ಕಡ್ಡಿಗೆ ಒಮ್ಮೆ ಸುತ್ತಿಕೊಂಡು ಹಾಕುವ ಎತ್ತರದ ಹೊಲಿಗೆಯಾದ ಕಂಬ, ಇವೆರಡು ಕೈಗೆ ಕೂತರೆ ಅಲಂಕಾರದ ಬಹುಪಾಲು ವಿನ್ಯಾಸಗಳು ತೆರೆದುಕೊಳ್ಳುತ್ತವೆ. ಒಂದೇ ಜಾಗದಲ್ಲಿ ಐದಾರು ಕಂಬ ಹಾಕಿದರೆ ಚಿಪ್ಪಿನ ಆಕಾರ ಬರುತ್ತದೆ. ಹಾಗೆ ಹಾಕಿದ ಕಂಬಗಳ ತಲೆಗಳನ್ನು ಒಟ್ಟಿಗೆ ಸೇರಿಸಿ ಮುಚ್ಚಿದರೆ ಉಬ್ಬಿದ ಮೊಗ್ಗಾಗುತ್ತದೆ. ಮೂರು ಚೈನ್ ಹಾಕಿ ಬುಡಕ್ಕೇ ಕುಣಿಕೆ ಎಳೆದು ಲಾಕ್ ಮಾಡಿದರೆ ಅಂಚಿಗೆ ಪುಟ್ಟ ಮುಳ್ಳಿನ ಸಾಲು ಸಿಗುತ್ತದೆ.

ಕೈಗೆ ನಿಜವಾದ ಶಿಕ್ಷಣ ಕೊಡುವುದು ವೃತ್ತ. ಕಂಬಗಳಿಂದ ಚಪ್ಪಟೆಯಾದ ವೃತ್ತ ಬೇಕೆಂದರೆ ಮೊದಲ ಸುತ್ತಿನಲ್ಲಿ 12, ಎರಡನೆಯದರಲ್ಲಿ 24, ಮೂರನೆಯದರಲ್ಲಿ 36, ಹೀಗೆ ಪ್ರತಿ ಸುತ್ತಿಗೂ 12 ಕಂಬ ಹೆಚ್ಚುತ್ತ ಹೋಗಬೇಕು. ಇದಕ್ಕಿಂತ ಕಡಿಮೆ ಹೆಚ್ಚಿಸಿದರೆ ಅಂಚು ಮೇಲೆದ್ದು ಬಟ್ಟಲಾಗುತ್ತದೆ. ಟೋಪಿ ಹೆಣೆಯುವವರು ಇದನ್ನೇ ಬೇಕೆಂದು ಮಾಡುತ್ತಾರೆ. ಹೆಚ್ಚಾದರೆ ಅಂಚು ಅಲೆಅಲೆಯಾಗಿ ನೆರಿಗೆಗಟ್ಟುತ್ತದೆ. ಈ ನೆರಿಗೆಗೆ ಗಣಿತದಲ್ಲೂ ಸ್ಥಾನವಿದೆ: ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿದ್ದ ಲಾಟ್ವಿಯಾ ಮೂಲದ ಗಣಿತಜ್ಞೆ ಡೈನಾ ಟೈಮಿನಾ 1997ರಲ್ಲಿ ಒಂದೇ ಅನುಪಾತದಲ್ಲಿ ಹೊಲಿಗೆ ಹೆಚ್ಚಿಸುತ್ತ ಹೋಗಿ, ಎಲ್ಲೆಡೆ ಹೀಗೆ ನೆರಿಗೆಗಟ್ಟುವ 'ಹೈಪರ್ಬಾಲಿಕ್ ಸಮತಲ'ದ ಮಾದರಿಯನ್ನು ಕ್ರೋಶಾದಲ್ಲಿ ಹೆಣೆದರು. ಕಾಗದದ ಮಾದರಿಗಳು ಹರಿಯುತ್ತಿದ್ದವು. ದಾರದ ಮಾದರಿಯನ್ನು ವಿದ್ಯಾರ್ಥಿಗಳು ಕೈಯಲ್ಲಿ ಹಿಡಿದು ಮಡಚಿ ನೋಡಬಹುದಾಯಿತು.

ವೃತ್ತದ ನಂತರ ಚೌಕಗಳ ಹೆಣಿಗೆ ಸುಲಭ. ಬಾಗಿಲ ತೋರಣಗಳಲ್ಲಿ ಗಿಳಿ, ಆನೆ, 'ಸುಸ್ವಾಗತ' ಎಂಬ ಅಕ್ಷರಗಳು ಮೂಡುವುದು ಇದೇ ಕ್ರಮದಲ್ಲಿ. ಒಂದು ಕಂಬ, ಎರಡು ಚೈನ್, ಮತ್ತೊಂದು ಕಂಬ ಹಾಕಿದರೆ ಖಾಲಿ ಚೌಕ. ಚೈನ್ ಇರುವಲ್ಲಿ ಎರಡು ಕಂಬ ಹಾಕಿದರೆ ತುಂಬಿದ ಚೌಕ. ಪಕ್ಕಪಕ್ಕದ ಚೌಕಗಳಿಗೆ ನಡುವಿನ ಕಂಬ ಒಂದೇ ಆದ್ದರಿಂದ ಹತ್ತು ಚೌಕಗಳ ಸಾಲಿಗೆ 31 ಹೊಲಿಗೆ ಸಾಕು. ಚೌಕುಳಿ ಪುಸ್ತಕದಲ್ಲಿ ಚಿತ್ರ ಬರೆದುಕೊಂಡು ತಮ್ಮದೇ ವಿನ್ಯಾಸ ಮಾಡಬಹುದಾದ್ದರಿಂದ, ಚುಕ್ಕಿ ರಂಗೋಲಿ ಹಾಕಿ ಬಲ್ಲವರಿಗೆ ಈ ಬಗೆ ಬೇಗ ಹಿಡಿಸುತ್ತದೆ.

ಕರ್ನಾಟಕದಲ್ಲಿ ಇಂದು ಕ್ರೋಶಾ ಹೆಚ್ಚು ಜೀವಂತವಾಗಿರುವುದು ಸೀರೆಯ ಕುಚ್ಚಿನಲ್ಲಿ. ರೇಷ್ಮೆ ದಾರದ ಹಲವು ಎಳೆಗಳನ್ನು ಸೇರಿಸಿ, ಸೆರಗಿನ ಅಂಚಿಗೆ ತೆಳು ಕಡ್ಡಿ ಚುಚ್ಚಿ ಲಾಕ್ ಮಾಡುತ್ತ ಮೊದಲು ಬೇಸ್ ಲೈನ್ ಹಾಕುತ್ತಾರೆ. ಅದರ ಮೇಲೆ ಆರ್ಚ್, ಆರ್ಚಿನ ಕಂಬಗಳ ನಡುವೆ ಮಣಿ, ಕೊನೆಗೆ ಕುಚ್ಚು. ಮಣಿಯನ್ನು ಕಡ್ಡಿಗೆ ಪೋಣಿಸಿ, ಅದರ ತೂತಿನೊಳಗಿಂದ ಕುಣಿಕೆ ಎಳೆಯಬೇಕು. ಆದ್ದರಿಂದ ಮಣಿ ಕೊಳ್ಳುವಾಗ ಬಣ್ಣಕ್ಕಿಂತ ಮೊದಲು ನೋಡಬೇಕಾದದ್ದು ತೂತಿನ ಅಗಲ. ಸೆರಗಿನ ಉದ್ದಕ್ಕೂ ಅಂತರವನ್ನು ಟೇಪಿನಿಂದ ಅಳೆದು ಗುರುತು ಹಾಕಿಕೊಳ್ಳದಿದ್ದರೆ ಕೊನೆಯಲ್ಲಿ ಅರ್ಧ ಆರ್ಚಿಗಷ್ಟೇ ಜಾಗ ಉಳಿಯುತ್ತದೆ; ಅಲ್ಲಿಂದ ಇಡೀ ಸಾಲು ಬಿಚ್ಚುವುದು ಯಾರಿಗೂ ಇಷ್ಟವಾಗದ ಕೆಲಸ.

ನಾಲ್ಕು ಜನ ಕುಚ್ಚು ಮೆಚ್ಚಿದರೆ ಆರ್ಡರ್ ಬರಲು ಶುರುವಾಗುತ್ತದೆ. ಸಂಪಾದನೆ ಒಳ್ಳೆಯದೇ. ಆದರೆ ಮದುವೆಯ ದಿನಾಂಕಕ್ಕೆ ಮುಗಿಸಲೇಬೇಕಾದ ಸೀರೆ ಬಿಡುವಿನ ಹೆಣಿಗೆಯಾಗಿ ಉಳಿಯುವುದಿಲ್ಲ. ಈ ಕಡ್ಡಿಯನ್ನು ಹೊಟ್ಟೆಪಾಡಿಗಾಗಿ ಹಿಡಿದವರ ಕಥೆ ದೊಡ್ಡದು. 1840ರ ದಶಕದ ಮಹಾಕ್ಷಾಮದಲ್ಲಿ ಐರ್ಲೆಂಡಿನ ಬಡ ಕುಟುಂಬಗಳು ಕ್ರೋಶಾ ಲೇಸು ಹೆಣೆದು ಬದುಕಿದವು. ಆಂಧ್ರದ ನರಸಾಪುರದ ಸುತ್ತಲಿನ ಹೆಂಗಸರು ಮನೆಯಲ್ಲೇ ಕುಳಿತು ಹೆಣೆದ ಲೇಸು ವಿದೇಶಗಳ ಮಾರುಕಟ್ಟೆಗೆ ಹೋಯಿತು. ಅವರ ದುಡಿಮೆ ದುಡಿಮೆಯೆಂದೇ ಎಣಿಕೆಯಾಗದೆ, ಕೂಲಿ ತೀರ ಕಡಿಮೆಯಾಗಿದ್ದುದನ್ನು ಸಮಾಜಶಾಸ್ತ್ರಜ್ಞೆ ಮರಿಯಾ ಮೀಸ್ 1982ರಲ್ಲಿ ಪುಸ್ತಕವಾಗಿ ಬಂದ ತಮ್ಮ ಅಧ್ಯಯನದಲ್ಲಿ ದಾಖಲಿಸಿದ್ದಾರೆ. ಹವ್ಯಾಸವಾಗಿ ಹೆಣೆಯುವವರು ಕೈಕೆಲಸದ ಲೇಸಿನ ಬೆಲೆ ಕೇಳಿ ಚೌಕಾಸಿಗೆ ಇಳಿಯುವುದು ಕಡಿಮೆ: ಒಂದು ಅಂಗೈಯಗಲದ ಹೂವಿಗೆ ಎಷ್ಟು ಹೊತ್ತು ಹಿಡಿಯುತ್ತದೆಂದು ಅವರ ಬೆರಳಿಗೆ ಗೊತ್ತು.

ತಲ್ಲೀನತೆಯಲ್ಲಿ ಹೊತ್ತು ಹೋದದ್ದು ತಿಳಿಯದೆ ಮಣಿಕಟ್ಟು, ಹೆಬ್ಬೆರಳು, ಕತ್ತು ಹಿಡಿದುಕೊಳ್ಳುತ್ತವೆ. ಕಡ್ಡಿಯನ್ನು ಬಿಗಿಯಾಗಿ ಹಿಡಿಯುವುದೂ ದಾರವನ್ನು ಜಗ್ಗಿ ಎಳೆಯುವುದೂ ಇದಕ್ಕೆ ಮುಖ್ಯ ಕಾರಣ. ಒಂದೆರಡು ಸುತ್ತಿಗೊಮ್ಮೆ ಕೈ ಬಿಟ್ಟು ಬೆರಳು ಚಾಚುವುದನ್ನು ರೂಢಿ ಮಾಡಿಕೊಳ್ಳಬೇಕು. ಹೊಲಿಗೆ ತೀರ ಬಿಗಿಯಾಗುತ್ತಿದ್ದರೆ ಒಂದು ಅಳತೆ ದೊಡ್ಡ ಕಡ್ಡಿಗೆ ಬದಲಾಯಿಸುವುದು ಲೇಸು.

ಕಡ್ಡಿಯಿಂದ ಇಳಿದ ಲೇಸು ಸುಕ್ಕುಸುಕ್ಕಾಗಿಯೇ ಇರುತ್ತದೆ. ದಾರದ ತುದಿಗಳನ್ನು ದಬ್ಬಣದಿಂದ ಹೊಲಿಗೆಗಳ ಒಳಗೇ ಒಮ್ಮೆ ಆಚೆ, ಒಮ್ಮೆ ಈಚೆ ತೂರಿಸಿ ಕತ್ತರಿಸಬೇಕು. ಹತ್ತಿಯ ಮೇಜುಹಾಸಾದರೆ ತೊಳೆದು, ತೆಳುವಾದ ಅಕ್ಕಿ ಗಂಜಿಯಲ್ಲಿ ಅದ್ದಿ ಹಿಂಡಿ, ದಪ್ಪ ಟವೆಲಿನ ಮೇಲೆ ಹರಡಿ, ಪ್ರತಿ ಮೊನೆಯನ್ನೂ ಎಳೆದು ತುಕ್ಕು ಹಿಡಿಯದ ಗುಂಡುಪಿನ್ನು ಚುಚ್ಚಿ ನೆರಳಲ್ಲಿ ಒಣಗಿಸುತ್ತಾರೆ. ಪೂರ್ತಿ ಒಣಗುವ ಮೊದಲು ಪಿನ್ನು ತೆಗೆದರೆ ಅಂಚು ಮತ್ತೆ ಸುರುಳಿಗಟ್ಟುತ್ತದೆ. ಗಂಜಿ ಹಾಕಿದ ಲೇಸನ್ನು ಬಹುಕಾಲ ಮಡಚಿಟ್ಟರೆ ಹುಳ ಹತ್ತುವ ಭಯವಿದೆ. ಎತ್ತಿಡುವುದಾದರೆ ಗಂಜಿ ತೊಳೆದೇ ಇಡಬೇಕು.