ಆ ನಲವತ್ತು ಸೆಕೆಂಡು

ಬ್ಯಾಡಗಿ

ಚಿರಂಜೀವಿ ಮೊಮ್ಮಗನಿಗೆ,

ತಮ್ಮಾ, ಮೊನ್ನೆ ಊಟಕ್ಕೆ ಕೂತಾಗ ನೀನು ಫೋನಿನಲ್ಲಿ ತೋರಿಸಿದ್ದು ಇನ್ನೂ ಕಣ್ಣಮುಂದಿದೆ. ರಾಣೆಬೆನ್ನೂರಿನಲ್ಲಿ ಬಸ್ಸಿಗೆ ಕಾಯುತ್ತಿದ್ದವರ ನಡುವೆ ಒಬ್ಬ ಗಂಡಸು ಒಬ್ಬ ಹೆಣ್ಣುಮಗಳನ್ನು ಹೊಡೆಯುತ್ತಿದ್ದ ನಲವತ್ತು ಸೆಕೆಂಡು. ಕೊನೆಗೆ ನಿನ್ನ ಉಸಿರಾಟವೂ ಕೇಳಿಸುತ್ತದೆ, ಓಡಿ ಬಂದವನ ಹಾಗೆ. ಆದರೆ ನೀನು ನಿಂತಲ್ಲೇ ನಿಂತಿದ್ದೆ. ನಾನು ರೊಟ್ಟಿ ಬಿಟ್ಟು ಎದ್ದದ್ದು ನಿನ್ನ ಮೇಲಿನ ಸಿಟ್ಟಿಗಲ್ಲ.

ನನ್ನದೇ ಹಳೆಯದೊಂದು ನೆನಪಾಯಿತು. ನಾನು ದಲಾಲಿ ಅಂಗಡಿಯಲ್ಲಿ ಲೆಕ್ಕ ಬರೆಯುತ್ತಿದ್ದ ದಿನಗಳವು. ಪೇಟೆಯ ದಿನ, ಮೆಣಸಿನಕಾಯಿ ಘಾಟಿಗೆ ಎಲ್ಲರೂ ಸೀನುತ್ತಿದ್ದರು. ತುಂಬು ಬಿಡಿಸುತ್ತಿದ್ದ ಹೆಂಗಸೊಬ್ಬಳನ್ನು ಅವಳ ಗಂಡ ಬಂದು ತುರುಬು ಹಿಡಿದು ಎಳೆದ. ಉಡಿಯಲ್ಲಿದ್ದ ಕಾಯಿ ಚೆಲ್ಲಾಡಿತು. ನಾನು ತಲೆ ಎತ್ತಲಿಲ್ಲ, ಕಿರ್ದಿ ಬರೆಯುತ್ತಲೇ ಇದ್ದೆ. ಒಬ್ಬ ಮುದುಕ ಹಮಾಲ ಬೆನ್ನ ಮೇಲಿನ ಚೀಲ ಇಳಿಸಿ ಇಬ್ಬರ ನಡುವೆ ಹೋಗಿ ನಿಂತ. ಕೈ ಎತ್ತಲಿಲ್ಲ. “ಏನ ನಡಸೀಯಪಾ?” ಅಂದ, ಅಷ್ಟೇ. ಸಂಜೆ ನೋಡಿದರೆ ಹನ್ನೆರಡು ಚೀಲದ ಒಂದು ಬಾಬ್ತನ್ನು ಎರಡು ಸಲ ಬರೆದಿದ್ದೆ. ಸಾವಕಾರರು ಬೈದದ್ದು ಅದಕ್ಕೆ. ಇನ್ನೊಂದಕ್ಕೆ ಯಾರೂ ಬೈಯಲಿಲ್ಲ.

ನೋಡುತ್ತ ನಿಂತವರ ತಪ್ಪು ಕಾನೂನಿನಲ್ಲಿ ಎಲ್ಲಿದೆ ಎಂದು ಕೇಳಿದೆಯಲ್ಲ. 2023ರ ಡಿಸೆಂಬರಿನಲ್ಲಿ ಬೆಳಗಾವಿ ಹತ್ತಿರದ ಹೊಸ ವಂಟಮುರಿಯಲ್ಲಿ, ಮಗ ಒಲಿದ ಹುಡುಗಿಯ ಜೊತೆ ಓಡಿಹೋದನೆಂದು ತಾಯಿಯನ್ನು ಬೆತ್ತಲೆ ಮಾಡಿ ಕರೆಂಟಿನ ಕಂಬಕ್ಕೆ ಕಟ್ಟಿದರು. ಹೈಕೋರ್ಟು ತಾನಾಗಿಯೇ ಪ್ರಕರಣ ಕೈಗೆತ್ತಿಕೊಂಡಿತು. ನೋಡುತ್ತ ನಿಂತ ಅಷ್ಟು ಜನರಲ್ಲಿ ಬಿಡಿಸಲು ಹೋದವನು ಒಬ್ಬನೇ, ಅವನಿಗೂ ಏಟು ಬಿತ್ತು. ಆಗಿನ ಮುಖ್ಯ ನ್ಯಾಯಮೂರ್ತಿ ಪ್ರಸನ್ನ ಬಿ. ವರಾಳೆ, ನ್ಯಾಯಮೂರ್ತಿ ಕೃಷ್ಣ ದೀಕ್ಷಿತ್ ಅವರ ಪೀಠ ಸುಮ್ಮನೆ ನೋಡಿದ ಊರಿನವರನ್ನೂ ಹೊಣೆ ಮಾಡಬೇಕೆಂದು ಬ್ರಿಟಿಷರ ಕಾಲದಲ್ಲಿ ಊರಿಗೆಲ್ಲ ಹಾಕುತ್ತಿದ್ದ ಪುಂಡುಗಂದಾಯ ನೆನಪಿಸಿತು. ಆ ಸಿಟ್ಟು ನನಗೆ ಒಪ್ಪಿಗೆ, ಗಂದಾಯ ಅಷ್ಟಾಗಿ ಒಪ್ಪಿಗೆಯಿಲ್ಲ. ಊರೆಲ್ಲ ದಂಡ ಕಟ್ಟುವುದಾದರೆ ಏಟು ತಿಂದ ಆ ಒಬ್ಬನೂ ಸಾಲಿನಲ್ಲಿ ನಿಲ್ಲಬೇಕಾದೀತು.

ಇನ್ನು ಕಾನೂನು ಪುಸ್ತಕದ ಮಾತು. ಜರ್ಮನಿಯಲ್ಲಿ ಆಪತ್ತಿನಲ್ಲಿದ್ದವರಿಗೆ ಕೈಲಾದ ನೆರವು ಕೊಡದಿರುವುದೇ ಅಪರಾಧ. ನಮ್ಮಲ್ಲಿ ದಾರಿಹೋಕನಿಗೆ ಅಂಥ ಕಡ್ಡಾಯವಿಲ್ಲ. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 33ನೇ ಕಲಮು ಕೊಲೆ, ದರೋಡೆಯಂಥವು ತಿಳಿದರೆ ಪೊಲೀಸರಿಗೆ ಹೇಳಲೇಬೇಕು ಅನ್ನುತ್ತದೆ. ಪಟ್ಟಿ ಉದ್ದವಿದೆ, ಅದರಲ್ಲಿ ಅತ್ಯಾಚಾರವಿಲ್ಲ! ಬರೆದವರಿಗೆ ದೇವರು ಬುದ್ಧಿ ಕೊಡಲಿ. ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯ ಮಾತ್ರ ಬೇರೆ: ಪೋಕ್ಸೊ ಕಾಯ್ದೆಯ ಪ್ರಕಾರ ಗೊತ್ತಿದ್ದೂ ತಿಳಿಸದಿದ್ದರೆ ಆರು ತಿಂಗಳವರೆಗೆ ಜೈಲು.

ಆದರೆ ಕಡ್ಡಾಯವಿಲ್ಲದಿದ್ದರೂ ಹಕ್ಕು ಇದೆ, ತಮ್ಮಾ. ನಿನ್ನ ಮೈಯನ್ನು ಕಾಪಾಡಿಕೊಂಡ ಹಾಗೆಯೇ ಇನ್ನೊಬ್ಬರ ಮೈಯನ್ನೂ, ಬೇಕಾದಷ್ಟೇ ಬಲದಿಂದ, ಕಾಪಾಡಬಹುದು ಎಂದು ಭಾರತೀಯ ನ್ಯಾಯ ಸಂಹಿತೆ ಹೇಳುತ್ತದೆ. ನಾನು ನಿನಗೆ ಹೊಡೆದಾಡು ಅನ್ನುತ್ತಿಲ್ಲ. ನಿನ್ನ ಅಮ್ಮ ನನ್ನನ್ನು ಮನೆಯಿಂದ ಹೊರಗೆ ಹಾಕಿಯಾಳು. 112 ಒತ್ತಲು ನಲವತ್ತು ಸೆಕೆಂಡು ಬೇಡ. ಪಕ್ಕದ ನಾಲ್ವರನ್ನು “ಬರ್ರಿ” ಎಂದು ಕರೆದಿದ್ದರೂ ಸಾಕಿತ್ತು. ಆ ಹಮಾಲ ಹೋಗಿ ನಿಂತ ಮೇಲೆಯೇ ಉಳಿದ ಹಮಾಲರು ಎದ್ದು ಬಂದದ್ದು.

ಕೋರ್ಟು-ಕಚೇರಿ ಅಲೆದಾಟದ ಭಯ ನಿನಗೂ ಇರಬಹುದು, ನನಗೂ ಇತ್ತು. ಅದು ಸುಳ್ಳು ಭಯವಲ್ಲ. ಅಪಘಾತದಲ್ಲಿ ನೆರವಾದವರ ಹೆಸರನ್ನೂ ಬಲವಂತದಿಂದ ಕೇಳುವಂತಿಲ್ಲ ಎಂದು ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿಯ ಮೇಲೆ ಮಾಡಿದ ನಿಯಮಗಳಲ್ಲಿ ಬಂದಿದೆ. ಹೊಡೆತ ತಿನ್ನುವವಳನ್ನು ಬಿಡಿಸಿದವನಿಗೆ ಆ ಕಾನೂನು ಒದಗುವುದಿಲ್ಲ.

ಈ ಕಾಗದ ನಿಮ್ಮಪ್ಪನ ಕೈಯಲ್ಲಿ ಕಳಿಸುತ್ತಿದ್ದೇನೆ. ಆ ವಿಡಿಯೊ ಅಳಿಸಬೇಡ, ಗೆಳೆಯರಿಗೂ ಕಳಿಸಬೇಡ. ನಡೆದದ್ದು ರಾಣೆಬೆನ್ನೂರಿನಲ್ಲಾದರೂ ದೂರು ನೀನಿರುವ ಹಾವೇರಿಯ ಠಾಣೆಯಲ್ಲೂ ಕೊಡಬಹುದು. ಸೋಮವಾರ ಪೇಟೆಯ ಗದ್ದಲ, ಬಸ್ಸಿನಲ್ಲಿ ಜಾಗ ಸಿಗುವುದಿಲ್ಲ. ಭಾನುವಾರವೇ ಬರುತ್ತೇನೆ, ಇಬ್ಬರೂ ಹೋಗೋಣ. ನಿನ್ನ ಅಜ್ಜಿಗೆ ಕಣ್ಣು ತೋರಿಸಲು ಹೋಗುತ್ತೇನೆಂದು ಹೇಳಿದ್ದೇನೆ. ಭಾನುವಾರ ಯಾವ ಡಾಕ್ಟರು ಕೂತಿರುತ್ತಾರೆ ಎಂದು ಅವಳು ಇನ್ನೂ ಕೇಳಿಲ್ಲ.

ನಿನ್ನ ಅಜ್ಜ