ಕ್ರ್ಯಾಂಕ್ ಶಾಫ್ಟನ್ನು ಇದ್ದಲ್ಲೇ ತಿದ್ದುವ ಬಗೆ

ಔರಾದ ತಾಲ್ಲೂಕಿನ ನಮ್ಮ ಬಾವಿಯ ಹಳೆಯ ಆಯಿಲ್ ಇಂಜಿನ್ ಒಂದು ಬೇಸಿಗೆಯಲ್ಲಿ ಬಡಿದು ನಿಂತಿತು. ಶಾಫ್ಟು ಬಿಚ್ಚಿ ಭಾಲ್ಕಿಗೆ, ಅಲ್ಲಿಂದ ಬೀದರಿಗೆ ಒಯ್ದು ತರುವಷ್ಟರಲ್ಲಿ ಕಬ್ಬು ಒಣಗಿತು.

ಸಿಲಿಂಡರಿನಲ್ಲಿ ಎಣ್ಣೆ ಉರಿದಾಗಲೆಲ್ಲ ಪೆಟ್ಟು ಹೆಚ್ಚಾಗಿ ಕ್ರ್ಯಾಂಕ್ ಪಿನ್ನಿನ ಒಂದೇ ಮಗ್ಗುಲಿಗೆ ಬೀಳುವುದರಿಂದ ದುಂಡಗಿನ ಪಿನ್ನು ಅಂಡಾಕಾರವಾಗುತ್ತದೆ. ಆಗ ಹೊಸ ಬೇರಿಂಗ್ ಹಾಕಿದರೂ ಬಡಿತ ನಿಲ್ಲದು.

ಇದಕ್ಕೆ ಹಿಂದೆ ಕೈ ಉಪಕರಣವೊಂದಿತ್ತು. ಲೇತಿನಲ್ಲಿ ಶಾಫ್ಟು ತಿರುಗುತ್ತದೆ. ಇಲ್ಲಿ ಶಾಫ್ಟು ನಿಂತು ಉಪಕರಣವೇ ತಿರುಗುತ್ತದೆ. ಎರಡು ಹೋಳಿನ ಚೌಕಟ್ಟನ್ನು ಪಿನ್ನಿಗೆ ಬಿಗಿದು ಕೈಯಿಂದ ಸುತ್ತಿಸಿದರೆ ಒಳಗಿನ ಉಳಿ ಉಬ್ಬನ್ನು ಹೆರೆಯುತ್ತದೆ. ಪಿನ್ನು 0.25 ಅಥವಾ 0.50 ಮಿ.ಮೀ. ಕಿರಿದಾದಾಗ ಆ ಅಳತೆಯ ಬೇರಿಂಗ್ ಕೂಡಿಸಬೇಕು. ಮೈಕ್ರೋಮೀಟರಿನಿಂದ ಅಳೆಯದೆ ನಂಬಬಾರದು.

ಓದು ಬಾರದ ನನ್ನ ತಂದೆಯವರಿಗೆ ಇದನ್ನು ವಿವರಿಸಿದೆ. “ಆ ಸಾಮಾನು ನಮ್ಮ ಬಾವಿಗೆ ಬಂದಿದ್ದರೆ!” ಎಂದರು. ವಿದ್ಯೆಯೂ ಹಾಗೆಯೇ ಕಷ್ಟವಿದ್ದಲ್ಲಿಗೆ ಹೋಗಬೇಕಲ್ಲವೆ?